ಮಿಲ್ಟ್ರಿ ಮೂಗಯ್ಯನ ಮೊದಲ ಎಡೆ

ಉಮ್ಮತ್ತೂರಿನ ಮಲ್ಲಿಗಮ್ಮನ ಗಂಡ ಮೂಗಯ್ಯ ಗೊರಕೆ ಹೊಡೆದರೆ ಕುದೇರಿನಲ್ಲಿ ಕಟ್ಟಿದ ಎಮ್ಮೆ ಹಗ್ಗ ಕಿತ್ತುಕೊಂಡು ಓಡುತ್ತಿತ್ತು. ಸೀನಿದರೆ ಬೀದಿಯ ಹೆಂಚೆಲ್ಲ ಜಾರುತ್ತಿತ್ತು. ಅಷ್ಟು ದೊಡ್ಡ ಗಂಡಸು ಊಟಕ್ಕೆ ಕೂತರೆ ಮಾತ್ರ ಹೊಸ ಮದುಮಗಳ ಹಾಗೆ. ಯಾರಾದರೂ ನೋಡುತ್ತಿದ್ದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹದಿನೇಳು ವರ್ಷ ಮಿಲ್ಟ್ರಿಯಲ್ಲಿ ಸಾಲಲ್ಲಿ ನಿಂತು, ನೂರು ಜನರ ನಡುವೆ ತಟ್ಟೆ ಹಿಡಿದು ಉಂಡವನಿಗೆ ಮನೆಗೆ ಬಂದ ಮೇಲೆ ಅದೇನು ನಾಚಿಕೆ ಹತ್ತಿತೋ, ಗೋಡೆಗೆ ಮುಖ ಮಾಡಿ ಕೂತು ಉಣ್ಣುವುದನ್ನು ಕೊನೆಯವರೆಗೂ ಬಿಡಲಿಲ್ಲ. ಸಾಯುವ ಹೊತ್ತಿಗೆ ಬಾಯಲ್ಲಿ ಹಲ್ಲೂ ಇರಲಿಲ್ಲ. ಆದರೂ ನಾಟಿ ಕೋಳಿಯ ಕಾಲಿನ ಮೂಳೆ ಎಂದರೆ ಪ್ರಾಣ. ಬೆಳಿಗ್ಗೆ ಬಾಯಿಗಿಟ್ಟ ಮೂಳೆ ದನ ಮನೆಗೆ ಬರುವ ಹೊತ್ತಿಗೂ ಬಾಯಲ್ಲೇ ಇರುತ್ತಿತ್ತು.

ಕಳೆದ ದೀಪಾವಳಿ ಮುಗಿದ ವಾರದಲ್ಲಿ ಅವನು ತೀರಿಕೊಂಡ. ಶಾಲೆಯ ಹಿಂದಿನ ಮಸಾಣದಲ್ಲಿ, ಹೊಂಗೆ ಮರದ ಪಕ್ಕ ಮಣ್ಣು ಮಾಡಿದ್ದರು.

ಈ ವರ್ಷ ತೀರಿಹೋದ ಹಿರಿಯರನ್ನು ನೆನೆಯುವ ಮಾರ್ಲಮಿ ಹಬ್ಬ ಹತ್ತಿರ ಬಂದಾಗ ಒಂದು ದಿನ ಸ್ಕೂಟರಿನಲ್ಲಿ ಇಬ್ಬರು ಹುಡುಗಿಯರು ಮನೆ ಮುಂದೆ ಇಳಿದರು. ಮಾತಾಡಿದವಳ ಹೆಸರು ಪ್ರಿಯಾಂಕ. ಗುಂಡ್ಲುಪೇಟೆಯಲ್ಲಿ ಕಾಲೇಜು ಓದುವವಳು.

"ಅಜ್ಜಿ, ನಮ್ಮೂರ್ಲಿ ಮಿಲ್ಟ್ರಿಯಿಂದ ರಿಟೈರ್ ಆದೋರೂ ನಾವು ಹುಡುಗ್ರೂ ಸೇರಿ ಒಂದ್ ಗುಂಪು ಮಾಡ್ಕಂಡಿದ್ದೀವಿ. ರಜ ಬಂದಾಗೆಲ್ಲ ಒಂದೊಂದ್ ಊರ್ಗ ಓಗ್ತೀವಿ. ಸೈನಿಕರ ಸಮಾಧಿ ಎಲ್ಲದ ಅಂತ ಕೇಳ್ಕಂಡು, ಗಿಡಗಂಟಿ ಕಿತ್ತು, ಚೆಂಡು ಹೂವಿನ ಹಾರ ಹಾಕಿ, ಬಾವುಟ ನೆಟ್ಟು, ಹೆಸರು ಕೂಗಿ ಸಲ್ಯೂಟ್ ಮಾಡ್ತೀವಿ. ಗಾಂಧಿ ಜಯಂತಿಗ ನಿಮ್ಮೂರ್ಗ ಬರದು ಅಂತ."

"ಎಷ್ಟ್ ಜನ ಬತ್ತಿರಿ ಮಗಾ?"

"ಮೂವತ್ತು ಜನ ಆಗ್ಬೋದು."

ಆ ಮೂವತ್ತು ಜನ ಸಂಜೆ ಹಾಲಿನ ಡೇರಿ ತಲುಪುವ ಹೊತ್ತಿಗೆ ಮುನ್ನೂರಾದರು. ರಾತ್ರಿಯಾಗುವ ಮೊದಲೇ ಮಲ್ಲಿಗಮ್ಮನ ಬಾಯಲ್ಲಿ ಎರಡು ಟ್ಯಾಂಕು, ಒಂದು ವಿಮಾನ ಸೇರಿಕೊಂಡವು. ವಿಮಾನ ಮೇಲಿಂದ ಹೂ ಸುರಿಯುತ್ತದೆ, ಆದ್ದರಿಂದ ಮೆಣಸಿನಕಾಯಿ ಒಣ ಹಾಕಿದವರು ಎತ್ತಿಕೊಳ್ಳಬೇಕು ಎಂದು ಬೀದಿಗೆಲ್ಲ ಹೇಳಿ ಬಂದಳು.

ಅವಳ ವಾರಗಿತ್ತಿ ಗುರುಮಲ್ಲಮ್ಮ, ಅಂದರೆ ಮೂಗಯ್ಯನ ತಮ್ಮನ ಹೆಂಡತಿ, ಪಕ್ಕದ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಳು.

"ಅಲ್ಲಕ್ಕಾ, ಯುದ್ಧದಲ್ಲಿ ಗುಂಡೇಟು ತಿಂದು ಸತ್ತೋರ್ಗ ಹಾರ ಹಾಕದ್ನ ಟೀವಿಲಿ ನೋಡಿದ್ದೆ. ನಮ್ ಬಾವ ಮಂಚದ್ ಮ್ಯಾಲ ಕೆಮ್ಮಿ ಕೆಮ್ಮಿ ಸತ್ರು. ಅದ್ಕೂ ಸಲೂಟಾ?"

"ಆ ಕೆಮ್ಮು ಗಡಿಲಿ ಕೆಮ್ಮಿದ್ರ ಶತ್ರುಗಳು ಚಡ್ಡಿ ಬುಟ್ಟು ಓಡೋಗರು ಕಣಮ್ಮಿ. ಅದ್ಕೇ ಸಲೂಟು," ಎಂದು ಮಲ್ಲಿಗಮ್ಮ ಅವಳ ಬಾಯಿ ಮುಚ್ಚಿಸಿದಳು.

ಈ ಸಂಭ್ರಮಕ್ಕೆ ನೀರೆರಚಿದವಳು ಸೊಸೆ ನೀಲಾವತಿ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ಬಂದವಳು ಕೈಕಾಲು ತೊಳೆದು ಕ್ಯಾಲೆಂಡರಿನ ಮುಂದೆ ನಿಂತಳು.

"ಅತ್ತೆ, ಈ ಸಲ ಗಾಂಧಿ ಜಯಂತಿ ದಿನವೇ ಅಮಾಸ. ನಮ್ ಹಿರೀಕರ ಹಬ್ಬ ಅವತ್ತೇ ಅದ."

ಮಲ್ಲಿಗಮ್ಮನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

ಆ ಮನೆಯಲ್ಲಿ ಅಮಾವಾಸ್ಯೆಯ ದಿನ ಸೂರ್ಯ ನೆತ್ತಿಗೆ ಬಂದಾಗ ತೀರಿಹೋದ ಹಿರಿಯರು ಉಣ್ಣಲು ಬರುತ್ತಾರೆ. ನಡುಮನೆಯಲ್ಲಿ ಕಳಸವಿಟ್ಟು, ಹೊಸ ಪಂಚೆ ಹೊಸ ಸೀರೆ ಇಟ್ಟು, ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರವರು ಇಷ್ಟಪಟ್ಟದ್ದನ್ನೇ ಬಡಿಸುವುದು. ಅದೇ ಎಡೆ. ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳಬೇಕು. ಒಳಗೆ ಅವರು ಸಂಕೋಚವಿಲ್ಲದೆ ಉಂಡು ಮುಗಿಸಲಿ ಎಂದು ಜಗಲಿಯಲ್ಲಿ ಕಾದು, ಆಮೇಲೆ ಹೊರಗಿನಿಂದಲೇ ಒಮ್ಮೆ ಕೆಮ್ಮಿ, ಬಾಗಿಲು ತೆಗೆಯುವುದು. ಅದರಲ್ಲೂ ಸತ್ತ ಮೇಲೆ ಬರುವ ಮೊದಲ ಹಬ್ಬ ದೊಡ್ಡದು. ಆ ದಿನ ಉಂಡವನು ಹಿರಿಯರ ಸಾಲಿನಲ್ಲಿ ಕೂರುತ್ತಾನೆ. ಉಣ್ಣದೆ ಹೋದವನು ಮುಂದಿನ ವರ್ಷದವರೆಗೆ ಸಾಲಿನ ಹೊರಗೆ ಹಸಿದು ನಿಂತಿರುತ್ತಾನೆ. ಮಲ್ಲಿಗಮ್ಮನಿಗೆ ಅವಳ ಅತ್ತೆ ಹಾಗೆಂದು ಹೇಳಿಕೊಟ್ಟಿದ್ದಳು.

"ಅವರು ಮಸಾಣಕ್ಕ ಬಂದು ಓಗ್ಲಿ ಬುಡಿ ಅತ್ತೆ. ನಾವ್ ಮನೇಲಿ ಎಡೆ ಮಡಗನ. ಅದ್ಕೂ ಇದ್ಕೂ ಏನು?"

"ಅಯ್ಯೋ ದಡ್ಡಿ, ಸಲೂಟ್ ಹೊಡದ್ರ ನಿಮ್ ಮಾವ ನಿಂತ್ಕತನ ಕಣಮ್ಮಿ! ನಿಂತ್ಕಂಡ್ರ ಊಟಕ್ಕೆಲ್ಲಿ ಬಂದನು?"

ನೀಲಾವತಿ ನಗಲು ಹೋದವಳು ನಗಲಿಲ್ಲ. ಅವಳೂ ನೋಡಿದ್ದಳು. ಒಂದು ಆಗಸ್ಟ್ ಹದಿನೈದರಂದು ಮೂಗಯ್ಯ ಬೋರ್‌ವೆಲ್ ತೊಟ್ಟಿಯ ಹತ್ತಿರ ಚಡ್ಡಿಯಲ್ಲಿ ಸ್ನಾನ ಮಾಡುತ್ತಿದ್ದಾಗ ಶಾಲೆಯ ಮೈಕಿನಲ್ಲಿ ಜನಗಣಮನ ಶುರುವಾಯಿತು. ಮೈತುಂಬ ಸೋಪು, ಕಣ್ಣೊಳಗೂ ಸೋಪು, ಮನುಷ್ಯ ಕಂಬದ ಹಾಗೆ ನಿಂತುಬಿಟ್ಟ. ಮೈಕು ಮಧ್ಯದಲ್ಲಿ ಕೆಟ್ಟಿತು, ಮೇಷ್ಟ್ರು ಮತ್ತೆ ಮೊದಲಿಂದ ಹಾಕಿದರು, ಮತ್ತೆ ಕೆಟ್ಟಿತು. ಎಮ್ಮೆಗಳು ಬಂದು ನೀರು ಕುಡಿದು ಹೋದವು. ಮೈಮೇಲಿನ ಸೋಪು ಒಣಗಿ ಬಿರುಕು ಬಿಟ್ಟಿತು. ಹಾಡು ನಿಂತ ಮೇಲೂ ಅವನು ಅಲುಗಲಿಲ್ಲ. ಕೊನೆಗೆ ಮಲ್ಲಿಗಮ್ಮ ಹಿತ್ತಲಿನಿಂದ ಬಂದು, ಅವನ ಬಾಯಲ್ಲೇ ಕೇಳಿ ಕಲಿತಿದ್ದ ಒಂದು ಮಾತನ್ನು ಗಟ್ಟಿಯಾಗಿ ಕೂಗಿದಳು: "ವಿಶ್ರಾಮ್ ಕಣಯ್ಯಾ!" ಆಗ ಕಾಲು ಅಗಲಿಸಿ, ಕಣ್ಣು ಉಜ್ಜಿಕೊಂಡು, ಟವಲು ಕೇಳಿದ. ಅಂದಿನಿಂದ ಆ ಮನೆಯಲ್ಲಿ ವಿಶ್ರಾಮ್ ಹೇಳುವ ಅಧಿಕಾರ ಮಲ್ಲಿಗಮ್ಮನದು.

ಅಂಥವನ ತಲೆಯ ಹತ್ತಿರ, ಅದೂ ಊಟದ ಹೊತ್ತಿಗೆ, ಮೂವತ್ತು ಜನ ಬಂದು ಸಾವ್‌ಧಾನ್ ಎಂದರೆ ಗತಿಯೇನು?

ಅವಳು ಪ್ರಿಯಾಂಕ ಕೊಟ್ಟುಹೋಗಿದ್ದ ನಂಬರಿಗೆ ಸೊಸೆಯಿಂದ ಫೋನು ಮಾಡಿಸಿದಳು. ಆ ಗುಂಪಿನ ಹಿರಿಯ ಸುಬೇದಾರ್ ಕರಿಬಸವಯ್ಯ ಮಾತಿಗೆ ಸಿಕ್ಕಿದರು. ರಿಟೈರ್ ಆಗಿ ಊರಲ್ಲಿ ಚೆಂಡು ಹೂ ಬೆಳೆದುಕೊಂಡಿದ್ದವರು. ಓಣಂ ಮುಗಿದು ಕೇರಳದವರು ಹೂ ಕೊಳ್ಳುವುದು ನಿಂತ ಮೇಲೆ ಹೊಲದಲ್ಲಿ ಉಳಿದದ್ದೆಲ್ಲ ಸೈನಿಕರಿಗೆ ಎಂದು ಎತ್ತಿಟ್ಟವರು.

"ಅವ್ವಾ, ನೀವೇನೂ ಯೋಚನೆ ಮಾಡ್ಬೇಡಿ. ತೆರಕಣಾಂಬಿ ಕಡೆ ಎರಡು ಊರು ಮುಗಿಸ್ಕಂಡು ಬೆಳಿಗ್ಗೆ ಹತ್ತಕ್ಕೆಲ್ಲ ಬಂದ್ಬುಡ್ತೀವಿ. ನಮ್ದು ಮಿಲ್ಟ್ರಿ ಟೈಮು."

ಮಲ್ಲಿಗಮ್ಮನಿಗೆ ಹೋದ ಜೀವ ಬಂದಂತಾಯಿತು. ಹತ್ತಕ್ಕೆ ಸಲ್ಯೂಟು, ಮಧ್ಯಾಹ್ನ ಊಟ. ಮೂಗಯ್ಯನಿಗೂ ನಡೆದು ಬರಲು ಸಮಯವಿರುತ್ತದೆ, ಬಲಗಾಲಿನ ಮಂಡಿ ಬೇರೆ ನೋವು.

ಹಬ್ಬದ ಹಿಂದಿನ ದಿನ ಊರಿನ ಕೋಳಿಗಳಿಗೆಲ್ಲ ಬುಟ್ಟಿಯಡಿ ವಾಸ. ಗಾಂಧಿ ಜಯಂತಿಗೆ ಮಾಂಸದ ಅಂಗಡಿ ತೆಗೆಯುವುದಿಲ್ಲ, ವೈನ್ ಶಾಪೂ ಮುಚ್ಚಿರುತ್ತದೆ. ಹಿರಿಯರಿಗೆ ಎಡೆ ಇಡುವ ದಿನವೇ ಹೀಗಾದರೆ ಹೇಗೆ ಎಂದು ಗಂಡಸರು ತಮಗೇ ಇಟ್ಟುಕೊಳ್ಳುವ ಎಡೆಯ ಚಿಂತೆಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದ್ದರು. ಮಲ್ಲಿಗಮ್ಮನಿಗೆ ಆ ತಾಪತ್ರಯ ಇರಲಿಲ್ಲ. ಹುಂಜ ಮನೆಯದೇ. ರಮ್ಮು ಮೂಗಯ್ಯನದೇ. ಮಿಲ್ಟ್ರಿ ಕ್ಯಾಂಟೀನಿನಿಂದ ಕಡೆಯ ಸಲ ತಂದ ಬಾಟಲಿಯಲ್ಲಿ ತಳಕ್ಕಂಟಿದಷ್ಟು ಉಳಿಸಿ, "ಇದು ಮಾರ್ಲಮಿಗ ಇರ್ಲಿ" ಎಂದು ಅವನೇ ರಾಗಿ ಡ್ರಮ್ಮಿನೊಳಗೆ ಹೂತಿಟ್ಟಿದ್ದ. ಯಾರ ಮಾರ್ಲಮಿಗೆ ಎಂದು ಆಗ ಅವಳು ಕೇಳಿರಲಿಲ್ಲ.

ಹಬ್ಬದ ದಿನ ಹತ್ತಾಯಿತು. ಯಾರೂ ಬರಲಿಲ್ಲ. ಮಲ್ಲಿಗಮ್ಮ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂದಳು. ಹನ್ನೊಂದಾಯಿತು. ಸುಬೇದಾರರ ಫೋನು ಸಿಗಲಿಲ್ಲ.

"ಬಂದ್ರಾ ಅಕ್ಕಾ ನಿನ್ ಮುನ್ನೂರ್ ಜನ?" ಎಂದಳು ಗುರುಮಲ್ಲಮ್ಮ. "ಇಮಾನಕ್ಕ ಪಂಚರ್ ಆಯ್ತೇನೋ."

ಮಲ್ಲಿಗಮ್ಮ ನೆತ್ತಿಯತ್ತ ಏರುತ್ತಿದ್ದ ಸೂರ್ಯನನ್ನೊಮ್ಮೆ ನೋಡಿ ಒಳಗೆ ಹೋದಳು.

ನೆರಳು ಕಾಲಡಿಗೆ ಬಂತು. ಇನ್ನು ಕಾಯುವ ಹಾಗಿರಲಿಲ್ಲ. ಮಗ ಶಿವಣ್ಣ ಧೂಪ ಹಾಕಿದ. ಅತ್ತೆ, ಮಾವ, ಮೂಗಯ್ಯ, ಮೂವರಿಗೂ ಎಲೆ. ಮೂಗಯ್ಯನ ಎಲೆಯನ್ನು ಮಲ್ಲಿಗಮ್ಮ ಗೋಡೆಯ ಕಡೆ ತಿರುಗಿಸಿ ಹಾಕಿದಳು. ಮುದ್ದೆ, ಕೋಳಿ ಸಾರು, ಕಾಲಿನ ಮೂಳೆ, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಅವನ ಮಿಲ್ಟ್ರಿ ಮಗ್ಗಿನಲ್ಲಿ ರಮ್ಮು. ಎಲ್ಲರೂ ಹೊರಗೆ ಬಂದರು, ಬಾಗಿಲು ಮುಚ್ಚಿದರು, ಜಗಲಿಯಲ್ಲಿ ಕೂತರು.

ಕೂತು ಸೆರಗು ಸರಿಮಾಡಿಕೊಂಡಿರಲಿಲ್ಲ, ಶಾಲೆಯ ಹಿಂದಿನಿಂದ ಒಂದು ಗಂಟಲು ಮೊಳಗಿತು.

"ಸಾ...ವ್‌ಧಾನ್!"

ಹೊಂಗೆ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಮಲ್ಲಿಗಮ್ಮ ಎದೆ ಹಿಡಿದುಕೊಂಡಳು.

"ನಿಲ್ಲುಸ್ಬುಟ್ರಲ್ಲಪ್ಪೋ! ದಾರಿ ಮಧ್ಯದಲ್ಲಿ ನಿಲ್ಲುಸ್ಬುಟ್ರು!"

ಅಷ್ಟರಲ್ಲಿ ಪ್ರಿಯಾಂಕ ಓಡಿಬಂದಳು. ಮೈಯೆಲ್ಲ ಚೆಂಡು ಹೂವಿನ ಎಸಳು. "ಅಜ್ಜಿ, ತಪ್ಪಾಯ್ತು, ಹೂವಿನ ಟೆಂಪೋ ದಾರೀಲಿ ಕೆಟ್ಟೋಯ್ತು. ನಿಮ್ ಹಬ್ಬಕ್ಕ ತೊಂದ್ರೆ ಕೊಡದ್ ಬ್ಯಾಡ ಅಂತ ಸರ್ ಸೀದಾ ಮಸಾಣಕ್ಕೇ ಬಂದ್ರು. ಹುಡುಗ್ರ ಸಾಲು ನಿಲ್ಲಿಸ್ತಾವ್ರ. ಬೇಗ ಬನ್ನಿ."

"ನಿಮ್ ಸರ್ ಕೂಗಿದ್ದು ಹುಡುಗ್ರಿಗ. ಅವ್ನಿಗೇನ್ ಗೊತ್ತು? ಅವ್ನೂ ನಿಂತವ್ನ!"

ಮಲ್ಲಿಗಮ್ಮ ಎದ್ದಳು. ಕೆಮ್ಮಲೂ ಇಲ್ಲ, ಬಾಗಿಲು ತಳ್ಳಿದಳು. ಗುರುಮಲ್ಲಮ್ಮ ಬಾಯಿಗೆ ಸೆರಗು ಹಿಡಿದು ಕಿರುಚಿದಳು.

"ಅಕ್ಕಾ! ಉಣ್ಣ ಹೊತ್ನಲ್ಲಿ ಬಾಗ್ಲು ತಗೀಬಾರ್ದು! ಮಡಗಿದ್ ಎಡೆ ಎತ್ತಬಾರ್ದು!"

"ಉಣ್ಣವ್ನೇ ಇಲ್ಲಿಲ್ಲ. ಎಡೆ ಏನ್ ಗ್ವಾಡೆಗ ಮಡಗಿದ್ದಾ?"

ಒಳಗೆ ಹೋದವಳು ಉಳಿದ ಎರಡು ಎಲೆಗಳ ಕಡೆ ಮುಖ ತಿರುಗಿಸದೆ, ತಲೆ ಬಗ್ಗಿಸಿ ಹೇಳಿದಳು: "ಮಾವಾ, ಅತ್ತೇ, ನೀವ್ ಉಣ್ಣಿ, ನಾ ಏನೂ ನೋಡ್ನಿಲ್ಲ. ನಿಮ್ ಮಗ ಅಲ್ಲಿ ಸಿಕ್ಕಾಕಂಡವ್ನ, ಬುಡುಸ್ಕಂಡ್ ಬತ್ತೀನಿ." ಮೂಗಯ್ಯನ ಎಲೆಯನ್ನು ಮೊರದ ಮೇಲೆ ಜಾರಿಸಿಕೊಂಡು, ಹೊಸ ಪಂಚೆ ಹೊದಿಸಿ, ಹೊರಗೆ ಬಂದು ಮತ್ತೆ ಬಾಗಿಲು ಹಾಕಿದಳು. ಮಗ್ಗು ನೀಲಾವತಿಯ ಕೈಗೆ ಬಂತು. ಮುಂದೆ ಅತ್ತೆ, ಹಿಂದೆ ಸೊಸೆ, ಅವಳ ಹಿಂದೆ ಬೇಡ ಬೇಡ ಎನ್ನುತ್ತಲೇ ಗುರುಮಲ್ಲಮ್ಮ. ಶಿವಣ್ಣ ಧೂಪದ ಬಟ್ಟಲು ಹಿಡಿದು ಓಡಿದ.

ಮಸಾಣದಲ್ಲಿ ಮೂಗಯ್ಯನ ಗುಡ್ಡೆಯ ಸುತ್ತ ಬೆಳೆದಿದ್ದ ಕಳೆಯೆಲ್ಲ ಹೋಗಿ ನೆಲ ಮದುವೆ ಮನೆಯ ಅಂಗಳದಂತಾಗಿತ್ತು. ಹೂವೋ ಹೂವು. ಗುಡ್ಡೆಯೇ ಕಾಣದಷ್ಟು ಹಳದಿ, ತಲೆಯ ಕಡೆ ಒಂದು ಪುಟ್ಟ ಬಾವುಟ. ಎರಡು ಸಾಲಿನಲ್ಲಿ ಹುಡುಗ ಹುಡುಗಿಯರು, ಎದೆಯ ಮೇಲೆ ಮೆಡಲು ತೂಗುಹಾಕಿಕೊಂಡ ನಾಲ್ಕಾರು ಮುದುಕರು. ಮುಂದೆ ನಿಂತ ಸುಬೇದಾರ್ ಕರಿಬಸವಯ್ಯನವರ ಮೀಸೆಯ ಒಂದು ತುದಿ ಗುಂಡ್ಲುಪೇಟೆಯಲ್ಲಿತ್ತು, ಇನ್ನೊಂದು ಚಾಮರಾಜನಗರದಲ್ಲಿ. ಹಣೆಯಲ್ಲಿ ವಿಭೂತಿ. ಮಲ್ಲಿಗಮ್ಮನನ್ನು ಕಂಡವರೇ ಕಾಲು ಕೂಡಿಸಿ ಅವಳಿಗೂ ಒಂದು ಸಲ್ಯೂಟ್ ಹೊಡೆದರು. ಬೇರೆ ದಿನವಾಗಿದ್ದರೆ ಅವಳು ಅದನ್ನು ಮೂರು ತಿಂಗಳು ಊರೆಲ್ಲ ಹಂಚುತ್ತಿದ್ದಳು.

"ಅವ್ವಾ, ತಡ ಆಯ್ತು, ಕ್ಷಮಿಸ್ಬೇಕು. ಐದೇ ನಿಮಿಷ."

ಗುರುಮಲ್ಲಮ್ಮ ಮುಂದೆ ನುಗ್ಗಿದಳು. "ಸಾಮೀ, ಒಂದ್ ಮಾತು. ನಮ್ ಬಾವ ಯುದ್ಧದಲ್ಲೇನೂ ಸತ್ತಿಲ್ಲ. ಕೆಮ್ಮಿ ಸತ್ರು. ಆಮ್ಯಾಕ ತಪ್ಪಾಯ್ತು ಅನ್ಬಾರ್ದು."

ಸುಬೇದಾರರು ಅವಳ ಕಡೆ ತಿರುಗಿದರು. "ಗುಂಡೇಟು ತಿಂದು ಬಿದ್ದೋರ ಮನಗ ಮಂತ್ರಿಗಳೇ ಬತ್ತರ ತಾಯಿ. ಬದುಕಿ ವಾಪಸ್ ಬಂದು, ಹೊಲ ಉತ್ತು, ಮಂಚದ್ ಮ್ಯಾಲ ಕಣ್ಮುಚ್ಚಿದೋರ್ಗ ಯಾರ್ ಬತ್ತರ? ಅವ್ರೂ ಗಡಿ ಹಿಮದಲ್ಲಿ ನಿಂತಿದ್ದೋರೇ. ಅದ್ಕೇ ನಾವ್ ಬಂದಿದ್ದು."

ಗುರುಮಲ್ಲಮ್ಮ ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡಳು.

ಅಷ್ಟು ಹೊತ್ತಿಗೆ ಸುಬೇದಾರರ ಮೂಗು ಅರಳಿತು. ಕಣ್ಣು ನೀಲಾವತಿಯ ಕೈಯ ಮಗ್ಗಿನ ಮೇಲೆ ನಿಂತಿತು.

"ಅವ್ವಾ, ಅದೇನು?"

"ಕಷಾಯ."

"ಕಷಾಯಕ್ಕ ಈ ವಾಸನೆನಾ?"

"ಮಿಲ್ಟ್ರಿ ಕಷಾಯ ಸುಬೇದಾರ್ರೇ. ನಿಮ್ಗ ಗೊತ್ತಿಲ್ದೇ ಇರದಾ?"

ಹಿಂದಿನ ಸಾಲಿನ ಮೆಡಲುಗಳು ಕಿಣಿಕಿಣಿ ಎಂದವು. ಮುದುಕರು ನಗು ತಡೆದುಕೊಳ್ಳುತ್ತಿದ್ದರು. ಸುಬೇದಾರರು ನಗಲಿಲ್ಲ.

"ಇವತ್ತು ಗಾಂಧಿ ಜಯಂತಿ. ಕಾಲೇಜು ಮಕ್ಕಳವ್ರ, ಬಾವುಟ ಅದ. ಇದನ್ನ ಇಲ್ಲಿ ಮಡಗಕ್ಕ ನಾನು ಒಪ್ಪಲ್ಲ. ಸಲ್ಯೂಟ್ ಮುಗಿಸ್ತೀವಿ, ಆಮೇಲೆ ಮನೇಲಿ ಏನಾರ ಮಾಡ್ಕಳಿ."

ಮಲ್ಲಿಗಮ್ಮ ಮೊರವನ್ನು ಎದೆಗೆ ಅವುಚಿಕೊಂಡಳು. ಅವಳ ದನಿ ಸಣ್ಣದಾಯಿತು. ಅವಳ ದನಿ ಸಣ್ಣದಾದುದನ್ನು ಗುರುಮಲ್ಲಮ್ಮ ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ.

"ಮನೇಲೇ ಮಡಗಿದ್ದೆ ಸಾಮಿ. ಬಾಗ್ಲು ಹಾಕಿ ಕೂತಿದ್ದೆ. ನೀವ್ ಇಲ್ಲಿ ಸಾವ್‌ಧಾನ್ ಅಂದ್ರಿ. ಅವ ನಿಂತ್ಬುಟ್ಟ. ಹೊತ್ತು ನೆತ್ತಿ ಮ್ಯಾಲ ಅದ. ಇದು ಅವ್ನ ಮೊದಲ್ನೇ ಎಡೆ. ಈ ಹೊತ್ತು ಮೀರಿದ್ರ ನನ್ ಗಂಡ ಒಂದ್ ವರ್ಷ ಹಸ್ಕಂಡು ಸಾಲಿನಿಂದಾಚ ನಿಂತಿರ್ತನ. ಎಳನೀರ್ ಕೊಡು ಅಂದಿದ್ರ ಅದ್ನೇ ತತ್ತಿದ್ದೆ. ಅವ ಇದ್ನ ಮಡಗು ಅಂದಿದ್ದ."

ಹುಡುಗರ ಸಾಲಿನಲ್ಲಿ ಯಾರೋ ಪಿಸಕ್ಕೆಂದರು. ಸುಬೇದಾರರು ಕಣ್ಣಲ್ಲೇ ಸುಮ್ಮನಾಗಿಸಿದರು. ಅವರಿಗೆ ಇದು ನಗುವ ಮಾತಾಗಿ ಕೇಳಲಿಲ್ಲ. ಸಾವ್‌ಧಾನ್ ಹೇಳಿ ವಿಶ್ರಾಮ್ ಹೇಳದೆ ಹೋದರೆ ಏನಾಗುತ್ತದೆ ಎಂಬುದು ಅಲ್ಲಿದ್ದವರಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ.

"ಸರಿ, ನಾನು ವಿಶ್ರಾಮ್ ಹೇಳ್ತೀನಿ. ಇಲ್ಲೇ ಉಣ್ಲಿ," ಎಂದರು ಕೊನೆಗೆ.

"ಎಲ್ಲಿ ಉಂಡನು?" ಎಂದಳು ನೀಲಾವತಿ. "ನಮ್ ಮಾವುಂಗ ಒಬ್ರು ನೋಡುದ್ರೇ ತುತ್ತು ಇಳೀತಿರ್ನಿಲ್ಲ. ಇಲ್ಲಿ ಅರವತ್ ಕಣ್ಣವ. ಗ್ವಾಡೆ ಇಲ್ಲ, ಬಾಗ್ಲಿಲ್ಲ."

ಸುಬೇದಾರರು ಗುಡ್ಡೆಯನ್ನು ನೋಡಿದರು, ಮೊರವನ್ನು ನೋಡಿದರು, ತಮ್ಮ ಸಾಲನ್ನು ನೋಡಿದರು. ಮೀಸೆಯ ಚಾಮರಾಜನಗರದ ತುದಿಯನ್ನು ಸ್ವಲ್ಪ ತಿರುವಿದರು. ಆಮೇಲೆ ಎದೆ ಸೆಟೆದು ನಿಂತರು.

"ಲಾನ್ಸ್ ನಾಯಕ್ ಮೂಗಯ್ಯ!"

ಮುದುಕರೂ ಮಕ್ಕಳೂ ಒಟ್ಟಿಗೆ ಆ ಹೆಸರು ಕೂಗಿದರು. ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡದಿದ್ದ ಮಲ್ಲಿಗಮ್ಮ ಅಷ್ಟು ಬಾಯಿಗಳಲ್ಲಿ ಅದನ್ನು ಕೇಳಿ ತಲೆ ತಗ್ಗಿಸಿದಳು. ಕೈಗಳು ಹಣೆಗೆ ಏರಿದವು, ಇಳಿದವು. ಸುಬೇದಾರರು ಮತ್ತೆ ಬಾಯಿ ತೆರೆದರು.

"ಪೀಛೇ... ಮುಡ್!"

ಮುದುಕರ ಹಿಮ್ಮಡಿಗಳು ಒಟ್ಟಿಗೆ ತಿರುಗಿದವು. ಹುಡುಗರು ಎಡಬಲ ಗೊತ್ತಾಗದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಅಂತೂ ತಿರುಗಿದರು. ಎಲ್ಲರಿಗಿಂತ ಕೊನೆಗೆ ಸುಬೇದಾರರು ತಿರುಗಿದರು. ಮೂವತ್ತು ಬೆನ್ನುಗಳು ಗುಡ್ಡೆಯ ಮುಂದೆ ಗೋಡೆಯ ಹಾಗೆ ನಿಂತವು.

"ಅವ್ವಾ, ಬಾಗ್ಲು ಹಾಕಾಯ್ತು," ಎಂದರು ಸುಬೇದಾರರು ಬೆನ್ನು ತಿರುಗಿಸಿಕೊಂಡೇ. "ನೀವೇನ್ ಮಡಗ್ತಿರೋ ನಾನು ನೋಡ್ನಿಲ್ಲ. ನನ್ ಮುಖ ಶಾಲೆ ಕಡೆ ಅದ. ವಿಶ್ರಾಮ್ ನಾನ್ ಹೇಳ್ಲಾ?"

"ಬ್ಯಾಡಿ. ಅದು ನಂದು."

ಶಿವಣ್ಣ ಧೂಪ ಹಾಕಿ ತಾನೂ ತಿರುಗಿ ನಿಂತ. ಮಲ್ಲಿಗಮ್ಮ ಹೂಗಳನ್ನು ಒಂದಿಷ್ಟು ಸರಿಸಿ, ಎಲೆಯನ್ನು ಮಣ್ಣಿನ ಮೇಲೆ ಇಳಿಸಿದಳು. ದಾರಿಯಲ್ಲಿ ಹೊರಳಿದ್ದ ಮುದ್ದೆಯನ್ನು ಅದರ ಜಾಗಕ್ಕೆ ತಂದಳು. ಮೂಳೆಯನ್ನು ಕೈಗೆ ಸಿಗುವ ಹಾಗೆ ಬಲಕ್ಕಿಟ್ಟಳು. ಮಗ್ಗು ಇಟ್ಟು, ಪಂಚೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಬಗ್ಗಿ, ಕಿವಿಯಲ್ಲಿ ಹೇಳುವ ಹಾಗೆ ಹೇಳಿದಳು.

"ವಿಶ್ರಾಮ್ ಕಣಯ್ಯಾ. ಕೂತ್ಕ. ಉಣ್ಣು. ಯಾರೂ ನೋಡ್ತಿಲ್ಲ."

ಹೇಳಿ ತಾನೂ ಬೆನ್ನು ತಿರುಗಿಸಿದಳು.

ಕಾಗೆಗಳು ಒಂದೊಂದಾಗಿ ಹೊಂಗೆ ಮರಕ್ಕೆ ವಾಪಸಾದವು. ದೂರದಲ್ಲಿ ಚಾಮರಾಜನಗರದ ಬಸ್ಸು ಹಾರ್ನು ಹೊಡೆದುಕೊಂಡು ಹೋಯಿತು. ಬಿಸಿಲಿಗೆ ಚೆಂಡು ಹೂವಿನ ಒಗರು ವಾಸನೆ, ಅದರೊಳಗೆ ಧೂಪ, ಅದರೊಳಗೆ ಕೋಳಿ ಸಾರು. ಸಾಲಿನಲ್ಲಿ ನಿಂತ ಹುಡುಗನೊಬ್ಬನ ಹೊಟ್ಟೆ ಗುರ್ರೆಂದಿತು. ಯಾರೂ ನಗಲಿಲ್ಲ.

ಸುಮಾರು ಹೊತ್ತಾದ ಮೇಲೆ ಸುಬೇದಾರರು ಪಿಸುಗುಟ್ಟಿದರು. "ಅವ್ವಾ, ಆಯ್ತಾ? ತಿರುಗ್ಬೋದಾ?"

"ಇರಿ ಸುಬೇದಾರ್ರೇ. ಇನ್ನೂ ಮೂಳೆ ಚೀಪ್ತಾವ್ನ."

ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದು ನಿಂತಿದ್ದ ಗುರುಮಲ್ಲಮ್ಮ ಮೆಲ್ಲಗೆ ಕೇಳಿದಳು. "ಅಕ್ಕಾ, ಬಾವುಂಗ ಹಲ್ಲೇ ಇರ್ನಿಲ್ವಲ್ಲ?"

"ಅದ್ಕೇ ತಡ ಕಣಮ್ಮಿ."

ಬಾಗಿಲು ತೆಗೆಯುವ ಮೊದಲು ಒಮ್ಮೆ ಕೆಮ್ಮಬೇಕು. ಮಲ್ಲಿಗಮ್ಮ ಗಂಟಲು ಸರಿಮಾಡಿಕೊಂಡಳು. ಆದರೆ ಕೆಮ್ಮಲಿಲ್ಲ. ಅವನು ಯಾವತ್ತೂ ನಿಧಾನವಾಗಿ ಉಣ್ಣುವವನು.